ಕಿಟಕಿ ಗೋಡೆಯ ದೊಡ್ಡ ತಿರುವು

ಮದುವೆಯಾಗಿ ಆರು ತಿಂಗಳಾದರೂ ಟೈಲರಮ್ಮ ತನ್ನ ಹೊಲಿಗೆ ಮಷಿನ್ನಿನ ಕಾಲಿಗೆ ಸುತ್ತಿದ್ದ ಹಗ್ಗವನ್ನು ಬಿಚ್ಚಿರಲಿಲ್ಲ. ಮೂರು ಮಾರು ಉದ್ದದ ಬಿಳಿ ಹತ್ತಿ ಹಗ್ಗ, ಮಷಿನ್ನನ್ನು ಗಾಡಿಗೆ ಬಿಗಿದು ತಂದಿದ್ದು. ಗಂಟು ಹಾಕಿ ಪೆಡಲ್ಲಿನ ಪಕ್ಕ ಬಿಟ್ಟಿದ್ದಳು. ದಿನಾ ಗುಡಿಸುವಾಗ ಅದರ ಸುತ್ತ ಗುಡಿಸುತ್ತಿದ್ದಳೇ ಹೊರತು ತೆಗೆಯುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಇದಕ್ಕೆ ಮುಂಚೆ ಇಪ್ಪತ್ತು ವರ್ಷ ಅವಳು ತಮ್ಮನ ಮನೆಯಲ್ಲಿದ್ದಳು. ಮಷಿನ್ನು ಮೊದಲು ನಡುಮನೆಯಲ್ಲಿತ್ತು. ಸೋಫಾ ಬಂತು, ಮಷಿನ್ನು ಪ್ಯಾಸೇಜಿಗೆ ಹೋಯಿತು. ಫ್ರಿಜ್ ಬಂತು, ಮೆಟ್ಟಿಲ ಕೆಳಗೆ ಹೋಯಿತು. ಪ್ರತಿ ಸಲವೂ ಅದೇ ಹಗ್ಗ. ತಮ್ಮನಾಗಲಿ ಅವನ ಹೆಂಡತಿಯಾಗಲಿ ಕೆಟ್ಟವರಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಜಗಳವಾಡಿ ಜಾಗ ಹಿಡಿಯಬಹುದಿತ್ತು. ಒಳ್ಳೆಯವರ ಜೊತೆ ಏನಂತ ಜಗಳವಾಡುವುದು? ಹಾಗಾಗಿ ನಲವತ್ತೆಂಟನೆಯ ವಯಸ್ಸಿನಲ್ಲಿ ಮದುವೆಯಾಗಿ ಹೊಸ ಮನೆಗೆ ಬಂದಾಗಲೂ ಅವಳು ಹಗ್ಗವನ್ನು ಕೈಗೆ ಸಿಗುವಂತೆ ಇಟ್ಟುಕೊಂಡಳು. ಇಲ್ಲಿಂದಲೂ ಯಾವಾಗ ಜರುಗಬೇಕಾಗುತ್ತದೋ ಯಾರು ಕಂಡಿದ್ದಾರೆ.

ಗಂಡ ವಾಚು ರಿಪೇರಿ ಮಾಡುವವನು. ಐವತ್ತೆರಡರವರೆಗೆ ಒಂಟಿ. ಬೀದಿಯವರೆಲ್ಲ ಅವನನ್ನು ವಾಚಣ್ಣ ಅನ್ನುತ್ತಿದ್ದರು. ಕಟ್ಟಿಕೊಂಡವಳು ಅಣ್ಣ ಅನ್ನುವ ಹಾಗಿಲ್ಲವಲ್ಲ, ಅವಳು "ರೀ" ಅನ್ನುತ್ತಿದ್ದಳು. ಸಂಬಂಧ ಕುದುರಿಸಿದ್ದು ಅವನ ಅಕ್ಕ. ಕುದುರಿಸಿದ ದಿನವೇ ಎಚ್ಚರಿಕೆಯನ್ನೂ ಕೊಟ್ಟಿದ್ದಳು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ? ಆ ಆಟದ ರೈಲು ಬಿಟ್ಟು ಇವನು ಒಂದಿಂಚೂ ಅಲ್ಲಾಡೋನಲ್ಲ. ಮೊದಲೇ ಹೇಳಿದೀನಿ, ಆಮೇಲೆ ನನ್ನ ಅನ್ನಬೇಡ."

"ಆಟದ ರೈಲಲ್ಲ, ಮಾದರಿ ರೈಲು," ಎಂದಷ್ಟೇ ಅಂದಿದ್ದ ವಾಚಣ್ಣ.

ರೈಲು ಇದ್ದದ್ದು ಹಿಂದಿನ ಕೋಣೆಯಲ್ಲಿ. ಗೋಡೆಗೆ ಹೊಂದಿಸಿ ಸೊಂಟದೆತ್ತರಕ್ಕೆ ಹಲಗೆ, ಹಲಗೆಯ ಮೇಲೆ ಸ್ಟೇಷನ್ನು, ಗೇಟು, ಅಕ್ಕಿಕಾಳಿನಷ್ಟು ಸಣ್ಣ ದೀಪಗಳು. ಅದೇ ಕೋಣೆಯ ಕಿಟಕಿಯ ಕೆಳಗೆ ಅವಳ ಮಷಿನ್ನು. ಎಂಥ ಬೆಳಕು ಅಂದರೆ, ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿದರೂ ಕಣ್ಣಿಗೆ ತ್ರಾಸವಿಲ್ಲ. ಖಾಲಿ ಜಾಗ ಇತ್ತು, ನನಗೆ ಸಿಕ್ಕಿತು ಅಂದುಕೊಂಡಿದ್ದಳು.

ಸಂಜೆ ಅಂಗಡಿ ಮುಚ್ಚಿ ಬಂದು ವಾಚಣ್ಣ ರೈಲು ಬಿಡುತ್ತಿದ್ದ. ಐದು ಡಬ್ಬಿಯ ಉದ್ದದ ಪ್ಯಾಸೆಂಜರ್ ಗಾಡಿ. ಅದು ಉದ್ದ ಗೋಡೆಯಗುಂಟ ಗಂಭೀರವಾಗಿ ಬಂದು, ಕಿಟಕಿ ಗೋಡೆ ಮುಟ್ಟುವ ಮೊದಲೇ ಗಕ್ಕನೆ ತಿರುಗಬೇಕಿತ್ತು. ತಿರುಗುವಲ್ಲಿ ಟಕ್ ಅನ್ನುತ್ತಿತ್ತು, ಮೂರನೇ ಡಬ್ಬಿ ಮಗುಚುತ್ತಿತ್ತು. ವಾಚಣ್ಣ ಚಿಮಟದಿಂದ ಎತ್ತಿ ಹಳಿಯ ಮೇಲಿಟ್ಟು ಮತ್ತೆ ಬಿಡುತ್ತಿದ್ದ. ಮತ್ತೆ ಟಕ್.

"ಯಾಕ್ರೀ ದಿನಾ ಬೀಳುತ್ತೆ?"

"ಹಳಿ ಸ್ವಲ್ಪ ಹಳೇದು," ಅನ್ನುತ್ತಿದ್ದ.

ಸುಳ್ಳು ಹೇಳಲು ಬಾರದವರು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಅವನ ಕಿವಿ ಕೆಂಪಾದದ್ದನ್ನು ಅವಳು ನೋಡಿದ್ದಳು, ಆದರೆ ಅರ್ಥವಾಗಿರಲಿಲ್ಲ.

ಒಂದು ರಜೆಯ ದಿನ ಬೆಳಿಗ್ಗೆ ಗುಂಡಿಯೊಂದು ಕೈಜಾರಿ ಮಷಿನ್ನಿನ ಹಿಂದೆ ಉರುಳಿತು. ಹುಡುಕಲು ಬಗ್ಗಿದಳು. ಕಿಟಕಿಯ ಕೆಳಗಿನ ಗೋಡೆಯಲ್ಲಿ, ಸೊಂಟದೆತ್ತರಕ್ಕೆ, ಒಂದೇ ಸಾಲಿನಲ್ಲಿ ಆರು ತೂತು. ನೀಟಾಗಿ ಸುಣ್ಣ ತುಂಬಿ ಮುಚ್ಚಿದ್ದವು. ಅವುಗಳ ಮೇಲೆ ಅಂಗೈ ಅಗಲದ ಪಟ್ಟಿಯಲ್ಲಿ ಗೋಡೆಯ ಬಣ್ಣ ಇನ್ನೂ ಹೊಸದಾಗಿತ್ತು.

ಹೊಲಿಗೆ ಬಿಚ್ಚಿದ ಬಟ್ಟೆಯನ್ನು ಅವಳು ಜೀವಮಾನವೆಲ್ಲ ನೋಡಿದವಳು. ಎಷ್ಟೇ ಇಸ್ತ್ರಿ ಮಾಡಿದರೂ ಸೂಜಿಯ ತೂತು ಉಳಿಯುತ್ತದೆ, ಮಾಸದ ಪಟ್ಟಿ ಉಳಿಯುತ್ತದೆ. ಈ ಗೋಡೆಯಲ್ಲೂ ಹಾಗೇ, ಮೊದಲು ಅಗಲವಾಗಿದ್ದದ್ದನ್ನು ಯಾರೋ ಬಿಚ್ಚಿ ಚಿಕ್ಕದು ಮಾಡಿದ್ದಾರೆ.

ವಾಚಣ್ಣ ನಡುಮನೆಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೂತಿದ್ದ.

"ರೀ, ನಾನು ಕೂತ್ಕೊಳ್ಳೋ ಕಡೆ ಗೋಡೆ ಮೇಲೆ ಮೊದಲು ಏನಿತ್ತು?"

"ಏನೋ ಒಂದು ಹಲಗೆ."

"ಏನೋ ಅಂದ್ರೆ?"

ಕಿವಿ ಕೆಂಪಾಯಿತು. "ರೈಲಿಂದು. ಮೊದಲು ತಿರುವು ಅಲ್ಲಿಂದ ಹೋಗ್ತಿತ್ತು. ನಾಲ್ಕಡಿಯ ದೊಡ್ಡ ತಿರುವು. ನಿಜವಾದ ರೈಲು ಗಕ್ಕಂತ ತಿರುಗಲ್ಲ ನೋಡಿ, ತಿರುಗಿದ್ದೇ ಗೊತ್ತಾಗಬಾರದು. ಆಮೇಲೆ ನೀವು ಬರ್ತೀರಿ ಅಂತಾಯ್ತು. ಹೊಲಿಗೆಗೆ ಬೆಳಕು ಬೇಕಲ್ವಾ? ನಂದೂ ಕಣ್ಣಿನ ಕೆಲಸಾನೇ, ನಂಗೊತ್ತು. ಈ ಮನೇಲಿ ಬೆಳಕಿರೋ ಕಿಟಕಿ ಅದೊಂದೇ."

"ಆ ತಿರುವು ಮಾಡೋಕೆ ಎಷ್ಟು ದಿನ ಹಿಡಿದಿತ್ತು?"

"ಎರಡು ವರ್ಷ."

"ಕೀಳೋಕೆ?"

"ಒಂದು ಮಧ್ಯಾಹ್ನ."

ಟೈಲರಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಇಪ್ಪತ್ತು ವರ್ಷದಲ್ಲಿ ಸೋಫಾಕ್ಕೆ, ಫ್ರಿಜ್ಜಿಗೆ ಮಷಿನ್ನು ಜಾಗ ಬಿಟ್ಟಿತ್ತು. ಮಷಿನ್ನಿಗೆ ಯಾವುದೂ ಜಾಗ ಬಿಟ್ಟಿರಲಿಲ್ಲ. ಅವಳಿಗೆ ಅಳು ಬಂತು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು, ಆಮೇಲೆ ಸಣ್ಣಗೆ ಸಿಟ್ಟೂ ಬಂತು.

"ಒಂದು ಗೇಣು ನನ್ನ ಮಷಿನ್ ಮುಂದಕ್ಕೆ ಎಳೆದಿದ್ರೆ ನಿಮ್ಮ ರೈಲು ಅದರ ಹಿಂದೆ ಹೋಗ್ತಿರಲಿಲ್ವಾ? ಕೂದಲೆಳೆ ಲೆಕ್ಕದಲ್ಲಿ ಅಳತೆ ಮಾಡೋರಿಗೆ ಇಷ್ಟು ಹೊಳೀಲಿಲ್ವಾ?"

ವಾಚಣ್ಣ ಭೂತಗನ್ನಡಿ ತೆಗೆದ. "ಮಷಿನ್ ನಿಮ್ಮದು. ಅದನ್ನ ನಾನು ಹೇಗೆ ಜರುಗಿಸಲಿ?"

ಈ ಮಾತನ್ನು ಯಾರಾದರೂ ಹೇಳುತ್ತಾರೆ ಅಂತ ಅವಳು ಕಾದಿರಲಿಲ್ಲ. ಹೇಳಬಹುದಾದ ಮಾತು ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಎದ್ದು ಹೋಗಿ, ಅಂಗಿಯ ಅಳತೆ ಬರೆಯುವ ಕಂದು ಕಾಗದದ ಸುರುಳಿ ತಂದು ಕೋಣೆಯ ನೆಲದ ಮೇಲೆ ಹಾಸಿದಳು. "ಬನ್ನಿ. ಮೊದಲು ಕಾಗದದ ಮೇಲೆ ಕತ್ತರಿಸೋಣ, ಆಮೇಲೆ ಹಲಗೆ."

ನಾಲ್ಕಡಿಯ ತಿರುವು ಎಳೆಯಲು ನಾಲ್ಕಡಿಯ ದಾರ ಬೇಕು. ಹೊಲಿಗೆ ದಾರ ಹಿಗ್ಗುತ್ತಿತ್ತು, ಗೆರೆ ಅಡ್ಡಾದಿಡ್ಡಿ ಬಂತು. ಟೈಲರಮ್ಮ ಮಷಿನ್ನಿನ ಬಳಿ ಕೂತು ಹಗ್ಗದ ಗಂಟಿಗೆ ಕೈ ಹಾಕಿದಳು. ಆರು ತಿಂಗಳ ಗಂಟು, ಜಪ್ಪಯ್ಯ ಅಂದರೂ ಬಿಡಲಿಲ್ಲ. ದಬ್ಬಣ ತೂರಿಸಿ ಸಡಿಲ ಮಾಡಿದಳು. ಟೇಪಿನಲ್ಲಿ ನಾಲ್ಕಡಿ ಅಳೆದು ಕತ್ತರಿ ತಗೊಂಡಳು. ಬಟ್ಟೆ ಬಿಟ್ಟು ಬೇರೇನಕ್ಕೂ ಮುಟ್ಟಿಸದ ಕತ್ತರಿ ಅದು. ಯಾರಾದರೂ ಅದರಲ್ಲಿ ಕಾಗದ ಕತ್ತರಿಸಿದರೆ ಮೂರು ದಿನ ಮಾತು ಬಿಡುವವಳು.

"ತುಂಡು ಮಾಡ್ಬೇಡಿ, ಸುತ್ತಿ ಹಿಡಿದರೆ ಸಾಕು," ಅಂದ ವಾಚಣ್ಣ. "ಮುಂದೆ ಮಷಿನ್ ಸಾಗಿಸೋಕೆ ಬೇಕಾಗ್ಬಹುದು."

"ಎಲ್ಲಿಗೆ ಸಾಗಿಸೋದು?" ಅಂದು ಅವಳು ಕತ್ತರಿಸಿದಳು.

ಹಗ್ಗದ ಒಂದು ತುದಿಯನ್ನು ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಅವಳು ಕೂತಳು. ಇನ್ನೊಂದು ತುದಿಗೆ ಅವಳದೇ ಸೀಮೆಸುಣ್ಣ ಕಟ್ಟಿ ವಾಚಣ್ಣ ಮೊಣಕಾಲೂರಿ ಅವಳ ಸುತ್ತ ಬಂದ. ಮಂಡಿ ಲಟಲಟ ಅಂದಿತು.

"ಬಿಗಿಯಾಗಿ ಹಿಡೀರಿ."

"ಹಿಡಿದಿದ್ದೀನಿ. ನೀವು ನಿಧಾನಕ್ಕೆ ಬನ್ನಿ."

ಹಲಗೆ ಏರಲು ಹದಿನೈದು ದಿನ ಹಿಡಿಯಿತು. ಅದು ಒಂದು ಗೇಣು ಮುಂದಕ್ಕೆ ಜರುಗಿದ ಮಷಿನ್ನಿನ ಹಿಂದೆ, ಕಿಟಕಿಯ ಅಂಚಿಗಿಂತ ಕೆಳಗೆ ಕೂತಿತು. ಆಮೇಲೆ ಹಳಿಯ ಸರದಿ. ಬಗ್ಗುವ ಹಳಿ ಮೂರಡಿ ಉದ್ದದ ತುಂಡುಗಳಲ್ಲಿ ಬರುತ್ತದೆ. ಬಗ್ಗಿಸಿದರೆ ತಿರುವಿನ ಒಳಬದಿಯ ಕಂಬಿ ಜಾರಿ ತುದಿಯಲ್ಲಿ ಹೊರಗೆ ಚಾಚುತ್ತದೆ, ಹೆಚ್ಚಾದದ್ದನ್ನು ಕತ್ತರಿಸಬೇಕು. ವಾಚಣ್ಣ ಒಂದು ತುಂಡನ್ನು ಬಗ್ಗಿಸಿ ಮೊಳೆ ಹೊಡೆದ, ಎರಡನೆಯದನ್ನು ಬಗ್ಗಿಸಿ ಅದಕ್ಕೆ ಸೇರಿಸಿದ. ಸೇರಿದ ಕಡೆ ಮೊಣಕೈಯ ಹಾಗೆ ಸಣ್ಣ ಮೂಲೆ ಎದ್ದಿತು. ಅವನು ಅರ ತೆಗೆದು ಉಜ್ಜಲು ಶುರುಮಾಡಿದ.

ಅವಳು ಸ್ವಲ್ಪ ಹೊತ್ತು ನೋಡಿದಳು. "ಹೋದ ಸಲಾನೂ ಹೀಗೇ ಮಾಡಿದ್ರಾ?"

"ಹೂಂ. ಅದಕ್ಕೇ ಎರಡು ವರ್ಷ ಹಿಡೀತು."

"ಕೊರಳಿಗೆ ಪಟ್ಟಿ ಇಡುವಾಗ ಬಟ್ಟೆ ಸಾಲದಿದ್ರೆ ನಾವು ಎರಡು ತುಂಡು ನೆಟ್ಟಗಿರುವಾಗಲೇ ಸೇರಿಸಿ ಹೊಲಿದುಬಿಡ್ತೀವಿ. ಆಮೇಲೆ ಕೊರಳಿನ ಸುತ್ತ ಬಗ್ಗಿಸ್ತೀವಿ. ಬಗ್ಗಿಸಿ ಆಮೇಲೆ ಸೇರಿಸಿದ್ರೆ ಕೊರಳು ಮೂತಿ ಉಬ್ಬಿಸುತ್ತೆ."

ವಾಚಣ್ಣ ಅರ ಕೆಳಗಿಟ್ಟ. ಹಳಿಯನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಹಳಿಯನ್ನು ನೋಡಿದ. "ಎರಡು ವರ್ಷ," ಅಂದ ಮೆಲ್ಲಗೆ. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊಳೆ ಕಿತ್ತು, ಎರಡನ್ನೂ ಮೇಜಿನ ಮೇಲೆ ನೆಟ್ಟಗೆ ಮಲಗಿಸಿ ಬೆಸುಗೆ ಹಾಕಿ, ಆರಿದ ಮೇಲೆ ಇಬ್ಬರೂ ಒಂದೊಂದು ತುದಿ ಹಿಡಿದು ಹಲಗೆಗೆ ಇಳಿಸಿದ್ದ ಸುಣ್ಣದ ಗೆರೆಯ ಮೇಲೆ ಬಗ್ಗಿಸಿದರು. ಹಳಿ ಎಲ್ಲೂ ಮುನಿಯದೆ ಬಗ್ಗಿತು.

ಆ ಸಂಜೆ ಅವನು ರೈಲು ಬಿಟ್ಟಾಗ ಅವಳು ಪೆಡಲ್ ನಿಲ್ಲಿಸಿ ಕಿವಿಗೊಟ್ಟಳು. ಐದು ಡಬ್ಬಿಯೂ ಅವಳ ಸೂಜಿಯ ಹಿಂದೆ ಒಂದರ ಹಿಂದೊಂದು ಹೊರಳಿ ಹೋದವು. ಟಕ್ ಎನ್ನಲೇ ಇಲ್ಲ.

ಮುಂದಿನ ವಾರ ಅವನ ಅಕ್ಕ ಬಂದಳು. ಕೋಣೆಯ ಬಾಗಿಲಲ್ಲೇ ನಿಂತು ಸೊಂಟಕ್ಕೆ ಕೈ ಇಟ್ಟಳು. "ಇದೇನೇ ಇದು, ಮಷಿನ್ನು ಕೋಣೆ ಮಧ್ಯಕ್ಕೆ ಬಂದುಬಿಟ್ಟಿದೆ? ಅವನ ರೈಲಿಗೆ ಅಡ್ಡ ಅಂತ ಬೈದನಾ? ಬಾ, ಪ್ಯಾಸೇಜಿಗೆ ಸಾಗಿಸಿಬಿಡೋಣ. ಒಂದು ಹಗ್ಗ ಇತ್ತಲ್ಲ, ಎಲ್ಲಿ?"

"ಅದು ತುಂಡಾಯ್ತು ಅತ್ತಿಗೆ," ಅಂದಳು ಟೈಲರಮ್ಮ. "ಕೂತ್ಕೊಳ್ಳಿ, ಈಗ ರೈಲು ಬರುತ್ತೆ."