ಧರ್ಮಣ್ಣನವರ ಮಂಗಳವಾರ

ಧರ್ಮಣ್ಣನವರು ತೀರಿಕೊಂಡು ವರ್ಷವಾಗಿತ್ತು. ಮರಾಠಿ ಸೀಮೆಯ ಹಡಪಸರದ ಕನ್ನಡ ಸಂಘದವರು ಅವರ ನೆನಪಿಗೆ ಸಭೆ ಇಟ್ಟುಕೊಂಡಿದ್ದರು. ಕೆಲಸ ಹೋದವರಿಗೆ ವಿಮೆಯ ಭತ್ಯೆ ಸಿಗಬೇಕೆಂದು ಇಪ್ಪತ್ತು ವರ್ಷ ಓಡಾಡಿದ ಮನುಷ್ಯ ಅವರು. ಮೊದಲು ಮಾತಾಡಬೇಕಾದವಳು ನೀಲಿಮಾ.

"ನಮ್ಮ ಕಂಪನಿ ಮುಚ್ಚಿದಾಗ..." ಎಂದು ಶುರುಮಾಡಿ ನಿಂತುಬಿಟ್ಟಳು.

ಮುಂದಿನ ಸಾಲಿನಿಂದ ಅವಳ ಅತ್ತೆ ಗೋದಾಬಾಯಿ ಕೂಗಿದರು: "ಕಾತ್ರಜದ್ದ ಹೇಳವಾ, ನಾಚಬ್ಯಾಡ!"

ಸಭೆ ನಕ್ಕಿತು. ನೀಲಿಮಾಳಿಗೂ ನಗು ಬಂತು, ಅದರ ಹಿಂದೆಯೇ ಮಾತೂ ಬಂತು.

ಎಂಟು ವರ್ಷದ ಹಿಂದೆ ಚಾಕಣದಲ್ಲಿ ಅವಳು ದುಡಿಯುತ್ತಿದ್ದ ಕಾರ್ಖಾನೆ ಒಂದು ಶನಿವಾರ ಬಾಗಿಲು ಹಾಕಿತು. ಗಂಡ ಇರಲಿಲ್ಲ. ಅತ್ತೆ, ಮಗಳು ಪ್ರಾಚಿ ಇಬ್ಬರೂ ಅವಳ ದುಡಿಮೆಯನ್ನೇ ನಂಬಿದ್ದರು. ಹೇಳಲು ಬಾಯಿ ಬರಲಿಲ್ಲ. ಸೋಮವಾರ ಎಂದಿನಂತೆ ಡಬ್ಬಿ ಕಟ್ಟಿಕೊಂಡು ಹೊರಟವಳು ಬೆಳಗಾವಿ ಕಡೆಯ ಗಾಡಿಗಳು ನಿಲ್ಲುವ ಕಾತ್ರಜದ ಬಸ್ ನಿಲ್ದಾಣದಲ್ಲಿ ಹೋಗಿ ಕೂತಳು. ಊರಿಗೆ ಹೋಗುವವರ ನಡುವೆ ಯಾರೂ ಯಾರನ್ನೂ ಕೇಳುವುದಿಲ್ಲ. ಕಿವಿಗೆ ನಾಲ್ಕು ಕನ್ನಡದ ಮಾತಾದರೂ ಬೀಳುತ್ತದೆ. ಹೀಗೇ ಹತ್ತೊಂಬತ್ತು ದಿನ.

ಹತ್ತೊಂಬತ್ತನೆಯ ದಿನ ಧರ್ಮಣ್ಣನವರು ತಮ್ಮ ತಂಗಿಯನ್ನು ಬಸ್ಸಿಗೆ ಹತ್ತಿಸಲು ಬಂದಿದ್ದರು. ನೀಲಿಮಾಳ ಕೊರಳಲ್ಲಿನ್ನೂ ಕಂಪನಿಯ ಗುರುತಿನ ಚೀಟಿ ನೇತಾಡುತ್ತಿತ್ತು.

"ಎಲ್ಲಿಗೆ ಹೊಂಟೀಯವಾ?" ಎಂದು ಅವರು ಕೇಳಿದರು.

"ಬೆಳಗಾವಿಗ್ರಿ."

"ಬೆಳಗಾವಿ ಗಾಡಿ ಈಗ ಎರಡು ಹೋದ್ವಲ್ಲ."

ನೀಲಿಮಾ ಅತ್ತುಬಿಟ್ಟಳು. ಅವರು ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. "ತಿಂಗಳಾ ನಿನ್ನ ಪಗಾರದಾಗ ವಿಮೆಗೆ ಅಂತ ಹಿಡೀತಿದ್ರಲ್ಲ, ಅದು ಇಂಥಾ ಹೊತ್ತಿಗೇ ಇರೋದು. ಇದು ಭಿಕ್ಷಾ ಅಲ್ಲ, ನಿನ್ನ ಹಕ್ಕು. ಅರ್ಜಿ ನಾ ಬರೀತೀನಿ. ಮನ್ಯಾಗ ಮಾತ್ರ ನೀನ ಹೇಳಬೇಕು."

ಆ ಸಂಜೆ ಹೇಳಿದಳು. ಗೋದಾಬಾಯಿ ಸಿಟ್ಟಾದರು, ಕೆಲಸ ಹೋದದ್ದಕ್ಕಲ್ಲ. "ಇಷ್ಟು ದಿನ ಬಸ್‌ಸ್ಟ್ಯಾಂಡಿನ್ಯಾಗ ಒಬ್ಬಾಕೀನ ಉಂಡೀ? ನಾ ಸತ್ತಿದ್ನೇನು?"

ಧರ್ಮಣ್ಣನವರು ಅವಳ ಜೊತೆ ಮೂರು ಸಲ ವಿಮಾ ಕಚೇರಿಗೆ ಹೋದರು. ಭತ್ಯೆ ಬಂತು, ಹೊಸ ಕೆಲಸ ಸಿಗುವವರೆಗೆ ಮನೆ ನಡೆಯಿತು, ಪ್ರಾಚಿಯ ಶಾಲೆ ತಪ್ಪಲಿಲ್ಲ. ಪ್ರತಿ ಮಂಗಳವಾರ ಆ ಕಚೇರಿಯ ಎದುರಿನ ಫುಟ್‌ಪಾತಿನಲ್ಲಿ ಕುರ್ಚಿ ಹಾಕಿಕೊಂಡು ಅವರು ಅರ್ಜಿ ಬರೆಯುತ್ತಿದ್ದರು. ಚಹಾ ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ವಿಮೆಯೇ ಇಲ್ಲದ ಗುತ್ತಿಗೆ ಕೆಲಸಗಾರರಿಗೂ ಭತ್ಯೆ ಬೇಕೆಂದು ಮಂತ್ರಿಗಳಿಗೆ ಕಾಗದ ಬರೆದೇ ಬರೆದರು. ಅದೊಂದು ಅವರ ಕಾಲದಲ್ಲಿ ಆಗಲಿಲ್ಲ.

ನೀಲಿಮಾ ಕೂತ ಮೇಲೆ ಸಂಘದ ಅಧ್ಯಕ್ಷರು ಎದ್ದು, ಸಭಾಂಗಣಕ್ಕೆ ಧರ್ಮಣ್ಣನವರ ಹೆಸರಿಡೋಣ ಎಂದರು. ಚಪ್ಪಾಳೆ ಬಿತ್ತು. ಧರ್ಮಣ್ಣನವರ ಹೆಂಡತಿ ರಂಗೂಬಾಯಿ ಕೈಮುಗಿದರು.

"ಹೆಸರು ಬ್ಯಾಡ್ರಿ, ಅವರಿಗೆ ಸಂಕೋಚ ಭಾಳ. ಒಂದು ವರ್ಷದಿಂದ ಮಂಗಳವಾರ ಖಾಲಿ ಹೊಂಟದ. ಆ ಕುರ್ಚ್ಯಾಗ ಯಾರರೆ ಕೂಡ್ರಿ."

ನೀಲಿಮಾ ಎದ್ದುನಿಂತು, "ನಾ ಕೂಡ್ತೀನ್ರಿ ಕಾಕೂ," ಎಂದಳು. ಹಿಂದಿನಿಂದ ಇನ್ನಿಬ್ಬರು ಕೈಯೆತ್ತಿದರು. ಅವರ ಅರ್ಜಿಗಳನ್ನೂ ಒಂದು ಕಾಲಕ್ಕೆ ಧರ್ಮಣ್ಣನವರೇ ಬರೆದಿದ್ದರು.

ಮುಂದಿನ ಮಂಗಳವಾರ ಅರ್ಧ ದಿನ ರಜೆ ಹಾಕಿ ನೀಲಿಮಾ ಹೋದಳು. ಹನ್ನೊಂದರವರೆಗೆ ಯಾರೂ ಬರಲಿಲ್ಲ. ಆಮೇಲೆ ಒಬ್ಬ ಹುಡುಗಿ ಬಂದು, ಧರ್ಮಣ್ಣ ಕಾಕಾ ಇಲ್ಲವೇ ಎಂದು ಮರಾಠಿಯಲ್ಲಿ ಕೇಳಿದಳು. ಅವರು ತೀರಿಕೊಂಡರೆಂದು ನೀಲಿಮಾ ಹೇಳಿದಳು. ಕುರ್ಚಿ ಎಳೆದುಕೊಟ್ಟು, ಪೆನ್ನು ತೆಗೆದು, ಆ ಹುಡುಗಿಯ ಹೆಸರು ಕೇಳಿದಳು.