ಹನ್ನೊಂದು ಬೀಗಗಳ ಮನೆ

ಬೆಳಿಗ್ಗೆ ಎಂಟು ಗಂಟೆ. ಬೀಗದಣ್ಣನ ಮನೆಯಲ್ಲಿ ಈರುಳ್ಳಿ ಹೆಚ್ಚಲು ಚಾಕು ಇರಲಿಲ್ಲ.

ಇತ್ತು, ಆದರೆ ಅದರ ಡ್ರಾಯರಿಗೆ ಬೀಗ ಬಿದ್ದಿತ್ತು. ಕತ್ತರಿ ಇಡುವ ಕಪಾಟಿಗೆ ಬೀಗ. ಹೊಲಿಗೆ ಡಬ್ಬಿಗೆ ಬೀಗ. ಮಾತ್ರೆಗಳ ಪೆಟ್ಟಿಗೆಗೆ ಬೀಗ. ಕೊನೆಗೆ ಅಜ್ಜಿಯ ಕನ್ನಡಕದ ಪೆಟ್ಟಿಗೆಗೂ ಒಂದು ಪುಟಾಣಿ ಬೀಗ. ಒಟ್ಟು ಹನ್ನೊಂದು. ಬೀಗದ ಕೈಗಳ ಗೊಂಚಲು ಬೀಗದಣ್ಣನ ಸೊಂಟದಲ್ಲಿ ಝಣಝಣ ಎನ್ನುತ್ತಿತ್ತು. ಸ್ನಾನದ ಮನೆಯ ಬಾಗಿಲಿಗೆ ಮಾತ್ರ ಅವನು ಬೀಗ ಹಾಕಿರಲಿಲ್ಲ. ಬದಲಿಗೆ ಒಳಗಿನ ಚಿಲಕವನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ.

ಇಪ್ಪತ್ತೆರಡು ವರ್ಷದಿಂದ ಬೀಗ ರಿಪೇರಿ ಮಾಡುವವನು ಅವನು. ಕಷ್ಟ ಬಂದಾಗ ಕೈ ತನಗೆ ಗೊತ್ತಿದ್ದ ಕೆಲಸದ ಕಡೆಗೇ ಹೋಗುತ್ತದಲ್ಲ, ಹಾಗಾಗಿತ್ತು.

ಕಷ್ಟ ಬಂದದ್ದು ಐದು ದಿನದ ಹಿಂದೆ. ಕಾಲೇಜಿನ ಮೊದಲ ವರ್ಷದಲ್ಲಿದ್ದ ಮಗಳು ಪುಟ್ಟಿ ಪಾತ್ರೆ ತೊಳೆಯಲೆಂದು ಅಂಗಿಯ ತೋಳು ಮಡಚಿದಾಗ ಕೈಯ ಮೇಲಿನ ಗಾಯದ ಗುರುತುಗಳು ಬೀಗದಣ್ಣನಿಗೆ ಕಂಡವು.

"ಏನೇ ಇದು?"

"ಬೆಕ್ಕು ಪರಚಿತು."

ಮನೆಯಲ್ಲಿ ಬೆಕ್ಕಿರಲಿಲ್ಲ. ಆ ಬೀದಿಯಲ್ಲೇ ಬೆಕ್ಕಿರಲಿಲ್ಲ. ಮಗಳು ತನಗೆ ತಾನೇ ನೋವು ಮಾಡಿಕೊಳ್ಳುತ್ತಿದ್ದಾಳೆ ಎಂದು ತಿಳಿಯಲು ಬೀಗದಣ್ಣನಿಗೆ ಅರ್ಧ ಗಂಟೆ ಬೇಕಾಯಿತು. ತಿಳಿದ ಮೇಲೆ ಅವನು ಕಾಲು ಗಂಟೆ ಕೂಗಾಡಿದ. "ಇನ್ನು ಮಾಡಲ್ಲ ಅಂತ ಆಣೆ ಮಾಡು" ಎಂದು ಮಗಳ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡ. ಆಮೇಲೆ ಅಂಗಡಿಗೆ ಹೋಗಿ ಬೀಗಗಳನ್ನು ತಂದ. ಅಂದಿನಿಂದ ಪುಟ್ಟಿ ಅವನೊಂದಿಗೆ ಒಂದು ಮಾತೂ ಆಡಿರಲಿಲ್ಲ.

ಈಗ ಈರುಳ್ಳಿಯ ವಿಷಯ. ಅಜ್ಜಿ ನಾಲ್ಕು ಈರುಳ್ಳಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಪಕ್ಕದ ಮನೆಗೆ ನಡೆದಳು. ಹತ್ತೇ ನಿಮಿಷದಲ್ಲಿ ಆ ಮನೆಯ ನರ್ಸಕ್ಕ ಹೆಚ್ಚಿದ ಈರುಳ್ಳಿಯ ತಟ್ಟೆ ಹಿಡಿದು ತಾನೇ ಬಂದಳು. ಸರ್ಕಾರಿ ಆಸ್ಪತ್ರೆಯಲ್ಲಿ ಗಾಯಕ್ಕೆ ಔಷಧಿ ಹಚ್ಚಿ ಪಟ್ಟಿ ಕಟ್ಟುವ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಕೆಲಸ ಮಾಡುತ್ತಿದ್ದವಳು.

"ಬೀಗದಣ್ಣ, ನಾಲ್ಕು ದಿನದಿಂದ ನಿಮ್ಮನೆ ಈರುಳ್ಳಿ ನನ್ನನ್ನ ಅಳಿಸ್ತಿದೆ. ಇವತ್ತು ಅಜ್ಜಿನ ಕೇಳೇಬಿಟ್ಟೆ. ಅವರು ಎಲ್ಲಾ ಹೇಳಿದ್ರು."

"ಅಮ್ಮಾ!" ಎಂದ ಬೀಗದಣ್ಣ.

"ಕನ್ನಡಕ ಇಲ್ಲದೆ ಯಾರ ಮುಂದೆ ಕೂತಿದೀನಿ ಅಂತ ಗೊತ್ತಾಗ್ಲಿಲ್ಲ ಕಣಪ್ಪ" ಎಂದಳು ಅಜ್ಜಿ, ಒಂದಿಷ್ಟೂ ಹೆದರದೆ.

ನರ್ಸಕ್ಕ ಕುಳಿತಳು. "ಅಜ್ಜಿ, ನನಗೆ ಹೇಳಿದ್ದು ಒಳ್ಳೇದಾಯ್ತು. ಇನ್ನು ಬೀದಿಗೆ ಹೇಳ್ಬೇಡಿ. ಪುಟ್ಟಿ ಎಲ್ಲಿ?"

"ಕಾಲೇಜಿಗೆ ಹೋದ್ಳು" ಎಂದಳು ಬೀಗದಣ್ಣನ ಹೆಂಡತಿ. "ನೀವಾದ್ರೂ ಇವರಿಗೆ ಹೇಳಿ ನರ್ಸಕ್ಕಾ. ಸೌಟು ಬೇಕಾದ್ರೂ ನಾನು ಅರ್ಜಿ ಹಾಕೋ ಹಾಗಾಗಿದೆ."

"ನೀನು ಸುಮ್ನಿರು" ಎಂದ ಬೀಗದಣ್ಣ. "ಇದೆಲ್ಲ ನಾಟಕ ನರ್ಸಕ್ಕಾ. ಎಲ್ಲರೂ ತನ್ನನ್ನೇ ನೋಡ್ಲಿ ಅಂತ."

"ಎಲ್ಲರೂ ನೋಡ್ಲಿ ಅನ್ನೋಳು ಉದ್ದ ತೋಳಿನ ಅಂಗಿ ಹಾಕ್ಕೊಂಡು ಬೆಕ್ಕಿನ ಕಥೆ ಯಾಕೆ ಹೇಳ್ತಾಳೆ?"

ಬೀಗದಣ್ಣ ಗೊಂಚಲಿನ ಬೀಗದ ಕೈಗಳನ್ನು ಒಂದೊಂದಾಗಿ ಸರಿಸತೊಡಗಿದ.

"ನೋಡಿ, ಮನಸ್ಸಿನ ಸಂಕಟ ತಡೆಯೋಕೆ ಆಗದೇ ಇದ್ದಾಗ ಕೆಲವರು ಹೀಗೆ ಮಾಡ್ಕೋತಾರೆ. ಕ್ಷಣ ಹೊತ್ತು ಹಗುರ ಅನ್ನಿಸತ್ತೆ. ಆಮೇಲೆ ನಾಚಿಕೆ. ಆ ನಾಚಿಕೆಯಿಂದ ಸಂಕಟ ಇನ್ನೂ ಜಾಸ್ತಿ. ಹುಡುಗೀರು ಮಾತ್ರ ಅಲ್ಲ, ಗಂಡುಮಕ್ಕಳೂ ಬರ್ತಾರೆ, ದೊಡ್ಡವರೂ ಬರ್ತಾರೆ. ನೀವು ಕೂಗಾಡಿದ್ರಿ, ನಾಚಿಕೆ ಹೆಚ್ಚಾಯ್ತು. ಆಣೆ ಹಾಕಿಸಿದ್ರಿ. ನಾಳೆ ತಪ್ಪಿದ್ರೆ ನಿಮ್ಮ ಹತ್ರ ಹೇಳೋಕೆ ಇನ್ನೂ ಭಯ."

"ಹಾಗಾದ್ರೆ ಬೀಗ ಹಾಕಿದ್ದೂ ತಪ್ಪಾ?"

"ಪೂರ್ತಿ ತಪ್ಪಲ್ಲ. ಮಾತ್ರೆ ಪೆಟ್ಟಿಗೆಗೆ ಹಾಕಿದ್ದು ಸರಿ, ಅದು ಹಾಗೇ ಇರ್ಲಿ. ಅಪಾಯದ ವಸ್ತುಗಳನ್ನ ಕೈಗೆ ಸಿಗದ ಹಾಗೆ ಇಡೋದು ಒಳ್ಳೇದೇ. ಆದ್ರೆ ಅವಳಿಗೆ ಹೇಳಿ, ಅವಳನ್ನೂ ಕೇಳಿ ಇಡಬೇಕು. ಅಜ್ಜಿ ಕನ್ನಡಕ ಏನು ಮಾಡಿತ್ತು?"

"ಅದೇ ನಾನೂ ಕೇಳ್ತಿರೋದು" ಎಂದಳು ಅಜ್ಜಿ.

"ಗಾಜಲ್ವಾ..." ಎಂದು ಬೀಗದಣ್ಣ ಗೊಣಗಿದ. ಹೆಂಡತಿಗೆ ನಗು ತಡೆಯಲಾಗಲಿಲ್ಲ. ಐದು ದಿನದಲ್ಲಿ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ನಗುತ್ತಲೇ ಅವಳು ಕಣ್ಣೊರೆಸಿಕೊಂಡಳು. "ನಮ್ಮ ಪುಟ್ಟಿ ಸಾಯೋಕೆ ಹೊರಟಿದಾಳಾ ನರ್ಸಕ್ಕಾ?"

"ಎಲ್ಲರೂ ಸಾಯಬೇಕು ಅಂತ ಮಾಡ್ಕೊಳ್ಳಲ್ಲ. ಹಾಗಂತ ಅಪಾಯ ಇಲ್ಲ ಅಂತಲೂ ಅಲ್ಲ. ನೇರವಾಗಿ ಅವಳನ್ನೇ ಕೇಳಬೇಕು."

"ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಲ್ವಾ?" ಎಂದ ಬೀಗದಣ್ಣ.

"ಇಲ್ಲ. ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ. ಎಷ್ಟೋ ಜನಕ್ಕೆ ಯಾರೋ ಒಬ್ಬರು ಕೇಳಿದ್ರಲ್ಲ ಅಂತ ಸಮಾಧಾನ ಆಗತ್ತೆ. 'ಹೌದು' ಅಂದ್ರೆ ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಗಾಯ ಆಳ ಇದ್ರೂ ಅಷ್ಟೇ, ಏನಾದ್ರೂ ನುಂಗಿದ್ರೂ ಅಷ್ಟೇ. 'ಇಲ್ಲ' ಅಂದ್ರೂ ನಾಳೆ ಡಾಕ್ಟರ ಹತ್ರ ಬನ್ನಿ. ಇದಕ್ಕೆ ಚಿಕಿತ್ಸೆ ಇದೆ. ಎದುರಿಗೆ ಕೂರಿಸ್ಕೊಂಡು ಪೊಲೀಸರ ಹಾಗೆ ವಿಚಾರಣೆ ಮಾಡಬೇಡಿ. ಏನಾದ್ರೂ ಕೆಲಸ ಮಾಡ್ತಾ ಮಾತಾಡಿ."

"ನಾನು ಏನು ಹೇಳ್ಬೇಕು?"

"ಕಡಿಮೆ."

ಬೀಗದಣ್ಣ ಜೇಬಿನಿಂದ ಒಂದು ಹಳೆಯ ರಸೀದಿ ತೆಗೆದು, ಅದರ ಹಿಂದೆ 'ಕಡಿಮೆ' ಎಂದು ಬರೆದುಕೊಂಡ.

ಸಂಜೆ ನಾಲ್ಕಕ್ಕೇ ಅಂಗಡಿ ಮುಚ್ಚಿ ಬಂದ. ಪುಟ್ಟಿ ಬ್ಯಾಗು ಇಳಿಸುವುದನ್ನೇ ಕಾದು, ಸ್ನಾನದ ಮನೆಯ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕುಳಿತ.

"ಪುಟ್ಟೀ, ಸ್ವಲ್ಪ ಈ ಸ್ಕ್ರೂ ಹಿಡ್ಕೋತೀಯಾ? ಚಿಲಕ ವಾಪಸ್ ಹಾಕ್ತೀನಿ. ಅದನ್ನ ತೆಗೆದದ್ದು ನನ್ನ ತಪ್ಪು. ಕೂಗಾಡಿದ್ದೂ ತಪ್ಪು."

ಅವಳು ಅಂಗೈ ಚಾಚಿದಳು. ನಾಲ್ಕು ಸ್ಕ್ರೂ ಅದರಲ್ಲಿ ಬಿದ್ದವು.

ಬೀಗದಣ್ಣ ಚಿಲಕದ ಕಡೆಗೇ ನೋಡುತ್ತ ಕೇಳಿದ, "ಮೊದಲು ಒಂದು ಕೇಳ್ಬೇಕು. ಸಾಯಬೇಕು ಅಂತ ಅನ್ನಿಸ್ತಿದೆಯಾ ಮಗಳೇ? ಏನೇ ಹೇಳಿದ್ರೂ ಬೈಯಲ್ಲ."

ಪುಟ್ಟಿ ಅಂಗೈಯ ಸ್ಕ್ರೂಗಳನ್ನು ಬೆರಳಿನಿಂದ ಒಂದೊಂದಾಗಿ ಹೊರಳಿಸಿದಳು.

"ಇಲ್ಲಪ್ಪಾ" ಎಂದಳು ಪುಟ್ಟಿ. "ತಲೆಯೊಳಗೆ ಗದ್ದಲ ಆಗತ್ತೆ. ಅದು ನಿಂತ್ರೆ ಸಾಕು ಅನ್ಸತ್ತೆ. ಅದಕ್ಕೇ..."

"ಹ್ಞೂಂ."

"ನಾನು ಕ್ಲಾಸಿಗೇ ಹೋಗದೆ ಒಂದೂವರೆ ತಿಂಗಳಾಯ್ತು. ದಿನಾ ಲೈಬ್ರರಿಲಿ ಕೂತು ಬರ್ತೀನಿ. ಪಾಠ ಒಂದೂ ಅರ್ಥ ಆಗಲ್ಲ. ಒಂದು ದಿನ ಕ್ಲಾಸಲ್ಲಿ ಎಲ್ಲರೂ ನಕ್ಕರು. ನೀನು ಗಿರಾಕಿಗಳಿಗೆಲ್ಲ ನನ್ನ ಮಗಳು ಕಾಲೇಜು, ಕಾಲೇಜು ಅಂತಿರ್ತೀಯ. ಹೇಗೆ ಹೇಳ್ಲಿ?"

ಒಂದೂವರೆ ತಿಂಗಳು! ಬೀಗದಣ್ಣನ ಗಂಟಲವರೆಗೆ ಕೂಗು ಬಂತು. ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡಿದ್ದರಿಂದ ಆಚೆ ಬರಲಿಲ್ಲ. ಅದನ್ನು ತೆಗೆಯುವ ಹೊತ್ತಿಗೆ ಕೂಗು ಇಳಿದಿತ್ತು.

"ಒಬ್ಬಳೇ ಅಷ್ಟು ದಿನ ಕೂತಿದ್ಯಾ?" ಎಂದ.

ಪುಟ್ಟಿ ಅತ್ತಳು. ಬೀಗದಣ್ಣ ಮೊದಲ ಸ್ಕ್ರೂ ತಿರುಗಿಸಲು ಹೋಗಿ ಮೂರು ಸಲ ಜಾರಿಸಿದ.

"ಕೊಡಪ್ಪಾ ಇಲ್ಲಿ" ಎಂದು ಪುಟ್ಟಿಯೇ ಮೂಗು ಒರೆಸಿಕೊಂಡು ಬಿಗಿದಳು. ಒಳಗಿನಿಂದ ಅಜ್ಜಿ, "ಅದಾದ ಮೇಲೆ ನನ್ನ ಕನ್ನಡಕ!" ಎಂದು ಕೂಗಿದಳು. ಪುಟ್ಟಿ ಅಳುತ್ತಲೇ ನಕ್ಕಳು. ರಾತ್ರಿ ಊಟಕ್ಕೆ ಮುಂಚೆ ಬೀಗಗಳ ಬಗ್ಗೆ ಮನೆಯವರೆಲ್ಲ ಕೂತು ಮಾತಾಡಿದರು. ಮಾತ್ರೆ ಪೆಟ್ಟಿಗೆಯದ್ದು, ಚಾಕುವಿನ ಡ್ರಾಯರಿನದ್ದು, ಈ ಎರಡನ್ನು ಉಳಿಸಿಕೊಳ್ಳೋಣ ಎಂದು ಪುಟ್ಟಿಯೇ ಹೇಳಿದಳು. ಅವುಗಳ ಬೀಗದ ಕೈ ಅಮ್ಮನ ಹತ್ತಿರ ಇರಲಿ ಎಂದಳು.

ಮರುದಿನ ಆಸ್ಪತ್ರೆಗೆ ಹೋದರು. ಡಾಕ್ಟರು ಗಾಯ ನೋಡಿದರು, ಮನಸ್ಸಿನ ಬಗ್ಗೆ ಕೇಳಿದರು. ಆಪ್ತ ಸಮಾಲೋಚಕಿಯ ಬಳಿ ಪ್ರತಿ ಮಂಗಳವಾರ ಮುಕ್ಕಾಲು ಗಂಟೆ ಮಾತು ಎಂದು ನಿಗದಿಯಾಯಿತು. ಕಾಲೇಜಿನವರೊಂದಿಗೆ ಮಾತಾಡಿದ್ದೂ ಆಯಿತು. ಈ ವರ್ಷ ಎರಡೇ ವಿಷಯದ ಪರೀಕ್ಷೆ ಬರೆಯುವುದೆಂದು ತೀರ್ಮಾನವಾಯಿತು. "ಹೋದ ದಿನ ತಿರುಗಿ ಬರಲ್ಲ ನಿಜ, ಮುಂದಿನ ವರ್ಷ ಎಲ್ಲಿ ಓಡಿ ಹೋಗತ್ತೆ?" ಎಂದಳು ಅಜ್ಜಿ.

ಓದುಗರೇ, ನಿಮ್ಮ ಮನೆಯಲ್ಲಿ, ಕೆಲಸದ ಜಾಗದಲ್ಲಿ, ಸಂಘದಲ್ಲಿ ಇಂಥವರು ಇರಬಹುದು. ಗಾಯ ಕಂಡರೆ ಬೈಯಬೇಡಿ, ಹಂಗಿಸಬೇಡಿ, ಆಣೆ ಹಾಕಿಸಬೇಡಿ. ಗಾಯಕ್ಕೆ ಮದ್ದು ಹಾಕಿಸಿ. "ಏನಾಗ್ತಿದೆ?" ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಹತ್ತಿರದ ಆಸ್ಪತ್ರೆಗೆ ಜೊತೆಗೆ ಹೋಗಿ, ಇಲ್ಲವೇ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ. ಪ್ರಾಣಕ್ಕೆ ಅಪಾಯ ಅನ್ನಿಸಿದರೆ ಒಂದು ನಿಮಿಷವೂ ತಡಮಾಡಬೇಡಿ. ಇದನ್ನು ಓದುತ್ತಿರುವ ನೀವೇ ಹೀಗೆ ನೋಯಿಸಿಕೊಳ್ಳುತ್ತಿದ್ದರೆ, ನಂಬಿಕೆಯ ಒಬ್ಬರಿಗೆ ಇವತ್ತೇ ಹೇಳಿ. ನಿಮ್ಮ ಮೇಲೆ ಯಾವ ತಪ್ಪೂ ಇಲ್ಲ. ವಾಸಿಯಾಗಲು ದಿನ ಹಿಡಿಯುತ್ತದೆ, ನಡುವೆ ಎಡವುವುದೂ ಉಂಟು.

ಪುಟ್ಟಿಯೂ ಒಮ್ಮೆ ಎಡವಿದಳು. ಎರಡನೇ ಸಲ ಸಂಕಟ ಬಂದಾಗ, ಮೂರು ತಿಂಗಳ ಮೇಲೆ, ಒಂದು ಮಧ್ಯಾಹ್ನ ನೇರವಾಗಿ ಅಂಗಡಿಗೆ ಬಂದಳು. "ಅಪ್ಪಾ, ಇವತ್ತು ಮತ್ತೆ ಹಾಗೇ ಅನ್ನಿಸ್ತಿದೆ. ಮಾಡ್ಕೊಂಡಿಲ್ಲ" ಎಂದಳು. ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ಬೀಗದಣ್ಣ ಮೂವರಿಗೂ ನಾಳೆ ಬನ್ನಿ ಎಂದು ಹೇಳಿ, ಮಗಳಿಗೆ ಸ್ಟೂಲು ಎಳೆದು ಹಾಕಿದ.