ಗಂಟೆ ಮೇಷ್ಟ್ರು

ಸಂತೆಯಲ್ಲಿ ತರಕಾರಿ ಕೊಳ್ಳುವಾಗಲೂ ಅವರು ಪರೀಕ್ಷಾ ಕೊಠಡಿಯಲ್ಲಿದ್ದವರಂತೆಯೇ ನಡೆಯುತ್ತಿದ್ದರು. ಬೆನ್ನ ಹಿಂದೆ ಕಟ್ಟಿದ ಕೈ, ಸದ್ದಿಲ್ಲದ ರಬ್ಬರ್ ಚಪ್ಪಲಿ, ಸಾಲಿನ ಕೊನೆ ಮುಟ್ಟಿ ಸರಕ್ಕನೆ ಹಿಂದಿರುಗುವ ರೀತಿ; ಟೊಮೆಟೊ ಆರಿಸುತ್ತಿದ್ದವರು ಯಾಕೆಂದು ತಿಳಿಯದೆಯೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಕಾಲೇಜು ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ಅಣಿಗೊಳಿಸುವ ಮನೆಪಾಠದ ಮೇಷ್ಟ್ರು ಅವರು. ರಸಾಯನಶಾಸ್ತ್ರ ಕಲಿಸುವವರು ಊರಲ್ಲಿ ಬೇರೆಯವರೂ ಇದ್ದರು; ಪರೀಕ್ಷೆಯ ದಿನವನ್ನೇ ಒಂದು ಪಾಠವಾಗಿ ಕಲಿಸುತ್ತಿದ್ದವರು ಇವರೊಬ್ಬರೇ. ಅದಕ್ಕೆ ಮುಂಚಿನ ಭಾನುವಾರ ಮಹಡಿಯ ಕೋಣೆಯಲ್ಲಿ ತಾಲೀಮು. ಧಗೆಯಲ್ಲೂ ಕಂದು ಕೋಟು ತೊಟ್ಟು ಬಾಗಿಲಲ್ಲಿ ನಿಂತು, ಪ್ರವೇಶಪತ್ರ ನೋಡಿ, ಕೈಗಡಿಯಾರ ಬಿಚ್ಚಿಸಿ, ತುಂಬುತೋಳಿನ ಅಂಗಿ ತೊಟ್ಟು ಬಂದವನನ್ನು ಮನೆಗೆ ಅಟ್ಟುತ್ತಿದ್ದರು. ಒಳಗೆ ಬೇಕೆಂದೇ ಕೆಮ್ಮುವರು, ಕುರ್ಚಿ ಎಳೆಯುವರು. "ಪಕ್ಕದವರು ಅತ್ರೆ ಅಳ್ಲಿ ಬಿಡಿ. ನೀವು ಮುಗಿಸಿ ಬಂದು ಅಳಿ," ಎನ್ನುವರು. ನಮ್ಮ ಪತ್ರಿಕೆಯಲ್ಲಿ ಪರೀಕ್ಷೆಯ ದಿನ ಏನೇನಿರುತ್ತದೆ ಎಂಬ ಲೇಖನ ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತಿದ್ದುದರಿಂದ, ನಾನೂ ಹಿಂದಿನ ಬೆಂಚಿನಲ್ಲಿ ಕೂತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ.

ಅವರ ವಿಧಾನದ ಜೀವವೆಲ್ಲ ಕೋಟಿನ ಜೇಬಿನ ಹಿತ್ತಾಳೆ ಗಂಟೆಯಲ್ಲಿತ್ತು. ಉತ್ತರಗಳನ್ನು ಮೊದಲು ಪ್ರಶ್ನೆಪತ್ರಿಕೆಯಲ್ಲೇ ಗುರುತು ಮಾಡಿಟ್ಟುಕೊಳ್ಳಬೇಕು. ಕೊನೆಯ ಇಪ್ಪತ್ತು ನಿಮಿಷಕ್ಕೆ ಎಚ್ಚರಿಕೆಯ ಗಂಟೆ ಹೊಡೆದಾಗ ಉತ್ತರಹಾಳೆಯ ವೃತ್ತಗಳನ್ನು ಒಟ್ಟಿಗೆ ತುಂಬಬೇಕು. ಮನಸ್ಸು ಎರಡು ಕಡೆ ಹರಿಯಬಾರದೆಂಬುದು ಅವರ ತರ್ಕ. ಊರಿನ ಕೇಂದ್ರಗಳಲ್ಲೆಲ್ಲ ಆ ಗಂಟೆ ಹೊಡೆಯುತ್ತಿದ್ದುದರಿಂದ ವಿಧಾನ ಫಲಿಸುತ್ತಲೂ ಇತ್ತು.

ಅವರ ಮಗಳು ಆ ತಾಲೀಮಿನಲ್ಲೇ ಬೆಳೆದವಳು. ಬೀದಿನಾಯಿಗಳನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ತಿರುಗುತ್ತಿದ್ದ ಆ ಹುಡುಗಿಗೆ ಪಶುವೈದ್ಯೆಯಾಗುವುದೊಂದೇ ಹಂಬಲ. ಅವಳ ಸರದಿ ಬಂದ ವರ್ಷ, ತಾಲೀಮಿನ ನಡುವೆ ಕೈ ಎತ್ತಿದಳು.

"ಅಪ್ಪಾ, ಅಲ್ಲಿ ಗಂಟೆ ಹೊಡೀದೇ ಇದ್ರೆ?"

"ಹೊಡೀದೇ ಏನು, ನಿನ್ನ ನಾಯಿಗಳು ಬಂದು ಬೊಗಳಿ ಹೇಳ್ತವಾ? ಬರಿಯಮ್ಮ, ಬರಿ."

ಕೋಣೆಯೆಲ್ಲ ನಕ್ಕಿತು. ಅವಳೂ ನಕ್ಕಳು.

ಅವಳಿಗೆ ಪರೀಕ್ಷಾ ಕೇಂದ್ರವಾಗಿ ಸಿಕ್ಕಿದ್ದು ಹೊಸ ಕಟ್ಟಡ. ಗೇಟಿನಲ್ಲಿ ಎಲ್ಲವೂ ಅವರು ಕಲಿಸಿದಂತೆಯೇ ನಡೆಯಿತು. ಮೇಷ್ಟ್ರು ಅದೇ ಕೋಟು ತೊಟ್ಟು ಕಾಂಪೌಂಡಿನುದ್ದಕ್ಕೂ ನಡೆದರು. ವರದಿಗೆಂದು ಹೋಗಿದ್ದ ನಾನು ನೆರಳಿನಲ್ಲಿದ್ದೆ. ಕೊನೆಯ ಇಪ್ಪತ್ತು ನಿಮಿಷದ ಹೊತ್ತಿಗೆ ಅವರು ನಿಂತರು. ಒಳಗಿನಿಂದ ಸದ್ದಿಲ್ಲ. ಗೇಟಿನವನನ್ನು ಕೇಳಿದರೆ, ಇಲ್ಲಿ ಎಲ್ಲ ಮುಗಿದ ಮೇಲೆ ಒಂದೇ ಗಂಟೆ ಎಂದ. ಮಗಳು ಕೂತಿದ್ದ ಮೊದಲ ಮಹಡಿಯ ಕಿಟಕಿಗಳು ತೆರೆದಿದ್ದವು. ಮೇಷ್ಟ್ರ ಕೈ ಜೇಬಿಗೆ ಹೋಯಿತು. ಗಂಟೆ ಹೊರಬಂತು, ಅದರ ನಾಲಿಗೆಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದಿದ್ದರು. "ಹೊರಗಿನವರು ಸದ್ದು ಮಾಡಕೂಡದು," ಎಂದರು, ನನಗಲ್ಲ. ಗಂಟೆ ಮತ್ತೆ ಜೇಬು ಸೇರಿತು.

ಗೋಡೆಯಲ್ಲಿ ಗಡಿಯಾರವೂ ಇಲ್ಲದ ಆ ಕೊಠಡಿಯಲ್ಲಿ ಹುಡುಗಿ ಗಂಟೆಗಾಗಿ ಕಾದಿದ್ದಳು. ಗಂಟೆ ಹೊಡೆದದ್ದು, ವೃತ್ತಗಳೆಲ್ಲ ಖಾಲಿಯಿದ್ದ ಹಾಳೆಯನ್ನು ಕಿತ್ತುಕೊಳ್ಳುವಾಗಲೇ. ಹೊರಗೆ ಬಂದವಳು ಅಳಲಿಲ್ಲ. ಜೇಬಿನ ಉಬ್ಬನ್ನು ನೋಡಿದಳು.

"ನಿನ್ನ ಹತ್ರ ಇತ್ತಲ್ಲಪ್ಪ?"

ಮತ್ತೊಮ್ಮೆ ಪರೀಕ್ಷೆ ಬರೆಯಲು ಅವಳು ಒಪ್ಪಲಿಲ್ಲ. ಈಗ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತಾಳೆ. ತಂದೆಗೆ ಹೊತ್ತುಹೊತ್ತಿಗೆ ಊಟ ಬಡಿಸುತ್ತಾಳೆ, ತಾಲೀಮಿನ ಭಾನುವಾರ ಮಾತ್ರ ಮನೆಯಲ್ಲಿರುವುದಿಲ್ಲ. ತಾಲೀಮು ನಿಂತಿಲ್ಲ. ಗಂಟೆ ಹೊಡೆಯದೆಯೂ ಇರಬಹುದು ಎಂಬುದು ಈಗ ಮೇಷ್ಟ್ರ ಮೊದಲ ವಾಕ್ಯ. ಸಂತೆಯಲ್ಲಿ ಅವರ ಎರಡೂ ಕೈ ಬೆನ್ನ ಹಿಂದಿರುವುದಿಲ್ಲ. ಒಂದು ಜೇಬಿನಲ್ಲೇ ಇರುತ್ತದೆ.

ತಮ್ಮವರು ನಡೆಯಬೇಕಾದ ದಾರಿಯನ್ನು ತಾವೇ ಮೊದಲು ನಡೆದು, ಕಲ್ಲುಮುಳ್ಳು ಗುರುತಿಟ್ಟು ಬರುವ ಜನ ಇರುತ್ತಾರೆ. ಎಲ್ಲಕ್ಕೂ ಸಿದ್ಧರಾಗಿರಿ ಎಂದು ಜಗತ್ತಿಗೆಲ್ಲ ಕಲಿಸುವ ಇಂಥವರು, ನಿಯಮ ಮುರಿಯಲೇಬೇಕಾದ ಒಂದು ಕ್ಷಣಕ್ಕೆ ಮಾತ್ರ ತಾವು ತಾಲೀಮು ಮಾಡಿರುವುದಿಲ್ಲ.